ನಮ್ಮ ಮೂವರ ಕಣ್ಣು

ಮಗಳು ಮೂರನೇ ತರಗತಿಯಲ್ಲಿದ್ದಾಗ ಅವಳ ಗಣಿತದ ನೋಟ್‌ಬುಕ್ಕಿನಲ್ಲಿ ಟೀಚರ್ ಕೆಂಪು ಪೆನ್ನಿನಲ್ಲಿ ಒಂದು ಸಾಲು ಬರೆದು ಕಳಿಸಿದ್ದರು: ‘ಬೋರ್ಡ್ ನೋಡಿ ಸರಿಯಾಗಿ ಬರೆದುಕೊಳ್ಳುವುದಿಲ್ಲ. ಗಮನ ಕಡಿಮೆ.’ ಪುಟ ತಿರುವಿ ನೋಡಿದೆ. ಎಂಟು ಇರಬೇಕಾದಲ್ಲಿ ಮೂರು, ಆರು ಇರಬೇಕಾದಲ್ಲಿ ಸೊನ್ನೆ. ಲೆಕ್ಕ ಮಾಡಿದ ರೀತಿಯೆಲ್ಲ ಸರಿಯಾಗಿಯೇ ಇತ್ತು, ಬರೆದುಕೊಂಡ ಅಂಕಿಗಳೇ ತಪ್ಪು.

ನಾನು ಚಿಂತಾಮಣಿಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಬೇರೆಯವರ ಮಕ್ಕಳ ವಿಷಯದಲ್ಲಿ ನನಗೆ ತಾಳ್ಮೆ ಜಾಸ್ತಿ ಅಂತ ಹೆಸರಿದೆ. ಆ ದಿನ ನನ್ನ ಮಗಳ ಮುಂದೆ ಆ ತಾಳ್ಮೆ ಎಲ್ಲಿ ಹೋಯಿತೋ ಗೊತ್ತಿಲ್ಲ.

“ಬೋರ್ಡ್ ಕಾಣ್ಸಲ್ವೇನೆ ನಿನಗೆ?” ಅಂತ ಕೇಳಿದೆ.

“ಕಾಣ್ಸತ್ತಮ್ಮ. ನಡುವೆ ಮಾತ್ರ ಕಾಣ್ಸಲ್ಲ.”

“ನಡುವೆ ಕಾಣ್ಸಲ್ಲ ಅಂದ್ರೆ ಏನು? ಸುಮ್ನೆ ನೆಪ ಹೇಳ್ಬೇಡ.”

ಆ ಪುಟವನ್ನು ಐದು ಸಲ ಬರೆಸಿದೆ. ಮೂಗು ಪುಸ್ತಕಕ್ಕೆ ತಾಗುವಷ್ಟು ಬಗ್ಗಿ, ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು ಬರೆದಳು. ‘ನೆಟ್ಟಗೆ ಕೂತ್ಕೋ’ ಅಂತ ಅದಕ್ಕೂ ಗದರಿದೆ. ಎಂಟು ವರ್ಷದ ಮಗು ತನಗೇನಾಗುತ್ತಿದೆ ಎಂಬುದನ್ನು ಯಾವ ಡಾಕ್ಟರಿಗಿಂತಲೂ ಮೊದಲು, ನಾಲ್ಕೇ ಪದಗಳಲ್ಲಿ, ಸರಿಯಾಗಿ ಹೇಳಿತ್ತು. ಕೇಳಿಸಿಕೊಳ್ಳದೆ ಹೋದವಳು ನಾನು.

ಅಪ್ಪ ನಿವೃತ್ತರಾದ ಮೇಲೆ ಅಪ್ಪ ಅಮ್ಮ ನಮ್ಮ ಮನೆಯ ಮಹಡಿಯ ಮೇಲೇ ಇದ್ದಾರೆ. ಗದರಿಕೆ ಕೇಳಿ ಅಪ್ಪ ಮೆಟ್ಟಿಲು ಇಳಿದು ಬಂದರು.

“ಬಿಡಮ್ಮ, ಪಾಪ. ಹತ್ರ ಇಟ್ಕೊಂಡೇ ಬರ್ಕೊಳ್ಳಲಿ. ಅದ್ರಲ್ಲೇನಿದೆ?”

“ನಿಮ್ಮ ಮುದ್ದಿನಿಂದಾನೇ ಇವಳು ಹೀಗಾಗಿರೋದು, ಅಪ್ಪ. ನೀವೇ ಮೇಷ್ಟ್ರಾಗಿದ್ದೋರು, ನೀವೇ ಹಿಂಗಂದ್ರೆ?”

ಅಪ್ಪ ನನ್ನ ಮಗಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಹಾಗೇ ಮೇಲೆ ಹೋದರು. ಅವರ ಮುಖದಲ್ಲಿ ಹೆದರಿಕೆಯಂಥದ್ದೇನೋ ಇತ್ತು. ಆಗ ಅದನ್ನು ಮೊಮ್ಮಗಳ ಮೇಲಿನ ಕನಿಕರ ಅಂದುಕೊಂಡೆ.

ಚಿಂತಾಮಣಿಯಲ್ಲೇ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಸಿದೆವು. ಮೂರು ತಿಂಗಳಲ್ಲಿ ಬೇರೆ ಕನ್ನಡಕ ಮಾಡಿಸಿದೆವು. ಎರಡೂ ಕನ್ನಡಕಗಳು ಅವಳ ಮೂಗಿನ ಮೇಲೆ ಗುರುತು ಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಕೊನೆಗೆ ನನ್ನ ಗಂಡ, ದಿನವೂ ಚಿಕ್ಕಬಳ್ಳಾಪುರಕ್ಕೆ ಕೆಲಸಕ್ಕೆ ಹೋಗಿಬರುವವರು, ಅಲ್ಲಿಯ ಕಣ್ಣಿನ ಡಾಕ್ಟರೊಬ್ಬರ ಬಳಿ ಸಮಯ ತೆಗೆದುಕೊಂಡು ಬಂದರು.

ಆ ಡಾಕ್ಟರು ಹಿರಿಯರು. ಕಣ್ಣಿಗೆ ಡ್ರಾಪ್ಸ್ ಹಾಕಿ ಮುಕ್ಕಾಲು ಗಂಟೆ ಕೂರಿಸಿದರು. ಆಮೇಲೆ ಬೆಳಕು ಬಿಟ್ಟು ಒಂದು ಕಣ್ಣು, ಇನ್ನೊಂದು ಕಣ್ಣು, ಮತ್ತೆ ಮೊದಲನೆಯ ಕಣ್ಣು ಹೀಗೆ ಬಹಳ ಹೊತ್ತು ನೋಡಿದರು.

“ಇದು ಕನ್ನಡಕದ ತೊಂದರೆ ಅಲ್ಲಮ್ಮ,” ಅಂದರು ಆಮೇಲೆ. “ಕಣ್ಣು ಚೆನ್ನಾಗೇ ಇದೆ. ಕಣ್ಣಿಂದ ಮೆದುಳಿಗೆ ಹೋಗೋ ನರ ಇದೆಯಲ್ಲ, ಅದು ಶುರುವಾಗೋ ಜಾಗ ಗುಲಾಬಿ ಬಣ್ಣ ಇರ್ಬೇಕು. ಇವಳಿಗೆ ಒಂದು ಪಕ್ಕ ಬಿಳಿಚಿಕೊಂಡಿದೆ, ಎರಡು ಕಣ್ಣಲ್ಲೂ. ನಿಮ್ಮ ಮನೇಲಿ ಯಾರಿಗಾದ್ರೂ ಹೀಗೆ ದೃಷ್ಟಿ ಕಮ್ಮಿ ಇತ್ತಾ?”

“ಇಲ್ಲ ಡಾಕ್ಟ್ರೇ. ನಮ್ಮ ತಂದೆ ಮೂವತ್ತೈದು ವರ್ಷ ಮೇಷ್ಟ್ರಾಗಿದ್ರು,” ಅಂದೆ. ಮೇಷ್ಟ್ರ ಕಣ್ಣು ಚೆನ್ನಾಗಿರಲೇಬೇಕು ಅನ್ನುವ ಹಾಗೆ.

ಅವರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು. ಅಲ್ಲಿ ಮಗಳ ಮುಂದೆ ಬಣ್ಣದ ಪುಟ್ಟ ಬಿಲ್ಲೆಗಳನ್ನು ಹರಡಿ, ಒಂದರ ಪಕ್ಕ ಅದಕ್ಕೆ ಹತ್ತಿರದ ಬಣ್ಣದ್ದನ್ನು ಜೋಡಿಸುತ್ತಾ ಹೋಗು ಅಂದರು. ಅವಳು ಇದು ಆಟವೆಂದೇ ತಿಳಿದು ಉತ್ಸಾಹದಿಂದ ಜೋಡಿಸಿದಳು. ಅಲ್ಲಿದ್ದ ಡಾಕ್ಟರಮ್ಮ ಬಿಲ್ಲೆಗಳನ್ನು ತಿರುಗಿಸಿ ಹಿಂದಿದ್ದ ಅಂಕಿಗಳನ್ನು ಗುರುತು ಹಾಕಿಕೊಂಡರು. ಬಿಲ್ಲೆಗಳನ್ನು ಮತ್ತೆ ಕಲಸಿ, ನನ್ನ ಕಡೆ ನೋಡಿ, “ನೀವೂ ಒಂದ್ಸಲ ಕೂತ್ಕೊಳ್ಳಿ ಮೇಡಂ” ಅಂದರು.

ನಾನು ಕೂತೆ. ಹಸಿರು ಎಲ್ಲಿ ಮುಗಿದು ನೀಲಿ ಎಲ್ಲಿ ಶುರುವಾಗುತ್ತದೆ ಅಂತ ನನಗೆ ತಿಳಿಯಲಿಲ್ಲ. ಸೀರೆ ಅಂಗಡಿಯಲ್ಲಿ ಗಂಡನ ಜೊತೆ ಇದೇ ಜಗಳ ಎಷ್ಟು ಸಲ ಆಗಿತ್ತೋ. ಅವರು ನೀಲಿ ಅನ್ನುವುದು, ನಾನು ಹಸಿರು ಅನ್ನುವುದು, ಅಂಗಡಿಯವನು ನಗುವುದು. ಡಾಕ್ಟರಮ್ಮ ನನ್ನ ಬಿಲ್ಲೆಗಳನ್ನೂ ತಿರುಗಿಸಿ ನೋಡಿದರು. ಅವರು ನಗಲಿಲ್ಲ. ಮಗಳಿಂದ, ನನ್ನಿಂದ, ಜೊತೆಗೆ ಬಂದಿದ್ದ ನನ್ನ ಗಂಡನಿಂದಲೂ ರಕ್ತ ತೆಗೆದುಕೊಂಡು, ಫಲಿತಾಂಶಕ್ಕೆ ಕೆಲವು ವಾರ ಬೇಕು ಅಂದರು.

ಆ ವಾರಗಳಲ್ಲಿ ನಾನು ಪಾಠ ಮಾಡುತ್ತಿದ್ದದ್ದು ಜೀವಕೋಶದ ಅಧ್ಯಾಯವನ್ನೇ. ಪ್ರತಿ ವರ್ಷದಂತೆ ಬೋರ್ಡಿನ ಮೇಲೆ ಮೈಟೋಕಾಂಡ್ರಿಯಾದ ಚಿತ್ರ ಬರೆದೆ. ಅವರೆಕಾಳಿನ ಆಕಾರ, ಹೊರಗೊಂದು ಪೊರೆ, ಒಳಗೆ ಮಡಿಕೆ ಮಡಿಕೆಯಾಗಿ ಇನ್ನೊಂದು ಪೊರೆ. ನಾವು ತಿಂದ ಅನ್ನದಿಂದ ಕೋಶಕ್ಕೆ ಬೇಕಾದ ಶಕ್ತಿ ತಯಾರಾಗುವ ಜಾಗ ಇದು ಅಂತ ಹೇಳಿದೆ. ಹದಿನಾಲ್ಕು ವರ್ಷದಿಂದ ಅದನ್ನೇ ಹೇಳುತ್ತಿದ್ದೆ. ಒಂದೊಂದು ಕಾಳೂ ತನ್ನ ಪಾಡಿಗೆ ತಾನು ಕೋಶದೊಳಗೆ ತೇಲುತ್ತಿರುತ್ತದೆ ಎಂದೇ ನನ್ನ ಮನಸ್ಸಿನಲ್ಲಿದ್ದದ್ದು.

ಫಲಿತಾಂಶ ಬಂದ ದಿನ ನಾನೂ ಮಗಳೂ ಹೋದೆವು. ವಿವರಿಸುವುದಕ್ಕೆ ಅಂತಲೇ ಅಲ್ಲೊಬ್ಬಳು ಯುವತಿ ಇದ್ದಳು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ನಾನು ಏನು ಪಾಠ ಮಾಡುತ್ತೇನೆಂದು ತಿಳಿದ ಮೇಲೆ ಕಾಗದ ಪಕ್ಕಕ್ಕಿಟ್ಟು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದಳು.

“ಇದು ಬದುಕಿರೋ ಕೋಶ ಮೇಡಂ. ಹೊಳೀತಿರೋದೆಲ್ಲ ಮೈಟೋಕಾಂಡ್ರಿಯಾ.”

ಅವು ಕಾಳುಗಳಾಗಿರಲಿಲ್ಲ. ಉದ್ದುದ್ದ ಎಳೆಗಳು, ಒಂದಕ್ಕೊಂದು ತಗುಲಿಕೊಂಡ ಬಲೆ. ಎರಡು ಎಳೆಗಳು ತುದಿಗೆ ತುದಿ ತಾಗಿಸಿ, ಒಂದಾಗಿ, ಒಂದೇ ಎಳೆಯಾಗಿ ಸರಿದಾಡಿದವು. ಇನ್ನೊಂದು ಕಡೆ ಉದ್ದನೆಯದೊಂದು ಎಳೆ ನಡುವೆ ಸಣ್ಣಗಾಗಿ, ಕಿತ್ತು, ಎರಡು ತುಂಡಾಯಿತು. ಒಂದು ತುಂಡು ಹೋಗಿ ಮತ್ತೊಂದಕ್ಕೆ ಸೇರಿಕೊಂಡಿತು. ಒಂದು ಕ್ಷಣವೂ ಅಲ್ಲಿ ಯಾವುದೂ ಸುಮ್ಮನಿರಲಿಲ್ಲ. ಮಗಳು ನನ್ನ ತೊಡೆಯ ಮೇಲಿಂದ ಬಗ್ಗಿ, ಪರದೆಗೆ ಮೂಗು ತಾಗಿಸಿ, “ಶಾವಿಗೆ ಥರ ಇದೆ” ಅಂದಳು.

ಆ ಹುಡುಗಿ ನಿಧಾನವಾಗಿ ವಿವರಿಸಿದಳು. ಎರಡು ಮೈಟೋಕಾಂಡ್ರಿಯಾ ಕೂಡಿದಾಗ ಒಳಗಿರುವುದೆಲ್ಲ ಹಂಚಿಕೆಯಾಗುತ್ತದೆ. ಒಂದರಲ್ಲಿ ಏನಾದರೂ ಕೆಟ್ಟಿದ್ದರೆ, ಕೊರತೆಯಿದ್ದರೆ, ಇನ್ನೊಂದು ಅದನ್ನು ತುಂಬಿಕೊಡುತ್ತದೆ. ಒಡೆಯುವುದೂ ಅಷ್ಟೇ ಮುಖ್ಯ. ತೀರಾ ಹಾಳಾದ ಭಾಗ ಒಡೆದು ಬೇರೆಯಾದರೆ ಕೋಶ ಅದನ್ನು ಅರಗಿಸಿ ಮುಗಿಸುತ್ತದೆ. ಕೋಶ ಎರಡಾಗುವಾಗ ಎರಡು ಕಡೆಗೂ ಪಾಲು ಸಿಗುವುದೂ ಈ ಒಡೆಯುವಿಕೆಯಿಂದಲೇ. ಕೂಡುವುದಕ್ಕೆ ಬೇರೆ ಪ್ರೋಟೀನುಗಳು, ಒಡೆಯುವುದಕ್ಕೆ ಬೇರೆ. ಒಳಪೊರೆಗಳನ್ನು ಒಂದಕ್ಕೊಂದು ಬೆಸೆಯುವ ಪ್ರೋಟೀನು ನನ್ನ ಮಗಳಲ್ಲಿ ಬೇಕಾದಷ್ಟು ತಯಾರಾಗುತ್ತಿರಲಿಲ್ಲ. ಅದನ್ನು ಮಾಡಿಸುವ ಜೀನು ಎಲ್ಲರಿಗೂ ಎರಡು ಪ್ರತಿ ಇರುತ್ತದೆ, ತಂದೆಯಿಂದೊಂದು ತಾಯಿಯಿಂದೊಂದು. ಅವಳದರಲ್ಲಿ ಒಂದು ಪ್ರತಿ ಕೆಟ್ಟಿತ್ತು. ಹಾಗಾಗಿ ಅವಳ ಎಳೆಗಳು ಕೂಡುವುದು ಕಡಿಮೆಯಾಗಿ, ತುಂಡು ತುಂಡಾಗಿಯೇ ಉಳಿಯುತ್ತಿದ್ದವು.

“ಮೈಯೆಲ್ಲ ಇದೇ ಥರ ಇದ್ದರೂ ಬೇರೆ ಕಡೆ ಸಾಮಾನ್ಯವಾಗಿ ಗೊತ್ತಾಗಲ್ಲ ಮೇಡಂ. ಕಣ್ಣಿನ ನರದ ಕೋಶಗಳಿಗೆ ಶಕ್ತಿ ತುಂಬಾ ಬೇಕು. ಆ ನರದ ಎಳೆಗಳೂ ತುಂಬಾ ಉದ್ದ, ಕಣ್ಣಿನ ಹಿಂದಿಂದ ಮೆದುಳಿನ ತನಕ. ಮೊದಲು ಸೊರಗೋದು ಅವೇ. ಅದರಲ್ಲೂ ನೇರ ನೋಟಕ್ಕೆ ಬೇಕಾದವು.”

“ಯಾರಿಂದ ಬಂದಿದೆ?” ಅಂತ ಕೇಳಿದೆ. ಉತ್ತರ ನನಗೆ ಗೊತ್ತಿತ್ತು.

“ನಿಮ್ಮಿಂದ. ನಿಮಗೆ ತುಂಬಾ ಕಮ್ಮಿ ಕಾಣಿಸಿಕೊಂಡಿದೆ ಅಷ್ಟೆ. ಒಂದೇ ಮನೇಲಿ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಮ್ಮಿ ಇರುತ್ತೆ. ನಿಮಗೂ ಬಹುಶಃ ನಿಮ್ಮ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದಿರುತ್ತೆ.” ಆಮೇಲೆ ನನ್ನ ಮುಖ ನೋಡಿ, “ಯಾರೂ ಗೊತ್ತಿದ್ದು ಕೊಡಲ್ಲ ಮೇಡಂ ಇದನ್ನ” ಅಂದಳು.

ಇದಕ್ಕೆ ಸದ್ಯಕ್ಕೆ ಔಷಧಿ ಇಲ್ಲ ಎಂದೂ, ಪೂರ್ತಿ ಕುರುಡಾಗುವುದು ಅಪರೂಪ ಎಂದೂ, ವರ್ಷಕ್ಕೊಮ್ಮೆ ಬಂದು ತೋರಿಸಬೇಕೆಂದೂ ಹೇಳಿ ಕಳಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ನನಗೆ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ, ಅಪ್ಪನೇ ಕಾಣುತ್ತಿದ್ದರು. ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಬೋರ್ಡ್ ಓದದೆ, ಪ್ರತಿ ಕಂಡಕ್ಟರನ್ನೂ ಮಾತಾಡಿಸುತ್ತಿದ್ದ ಅಪ್ಪ. ಮಾತಿನ ಚಪಲ ಅಂತ ನಾವು ಆಡಿಕೊಳ್ಳುತ್ತಿದ್ದೆವು. ಎದುರಿಗೆ ಬಂದ ನೆಂಟರನ್ನು ಅವರು ಮಾತಾಡುವ ತನಕ ಗುರುತಿಸದ ಅಪ್ಪ. ಮರೆಗುಳಿ ಅನ್ನುತ್ತಿದ್ದೆವು. ಅಪ್ಪನ ತರಗತಿಯಲ್ಲಿ ಯಾವಾಗಲೂ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಪಾಠ ಜೋರಾಗಿ ಓದುತ್ತಿರಬೇಕಿತ್ತು. ಅವರ ಶಾಲೆಯ ಮಕ್ಕಳು ಎಷ್ಟು ಚೆನ್ನಾಗಿ ಓದುತ್ತಾರೆ ಅಂತ ಸುತ್ತಮುತ್ತಲೆಲ್ಲ ಹೊಗಳಿಕೆ. ಬೋರ್ಡಿನ ಮೇಲೆ ಅಂಗೈ ಅಗಲದ ಅಕ್ಷರ. ಮುಖ್ಯೋಪಾಧ್ಯಾಯರಾಗುವ ಅವಕಾಶ ಎರಡು ಸಲ ಬಂದಾಗಲೂ ಬೇಡ ಅಂದಿದ್ದರು. ಅಪ್ಪನಿಗೆ ಆಸೆಯೇ ಇಲ್ಲ ಅಂತ ಕಾಲೇಜಿನಲ್ಲಿದ್ದ ನನಗೆ ನಾಚಿಕೆಯಾಗಿತ್ತು.

ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಮಹಡಿ ಹತ್ತಿದೆ. ಅಪ್ಪ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು. ಅಮ್ಮ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ರೇಡಿಯೋ ಆರಿಸಿ ಅಪ್ಪನ ಎದುರಿಗೆ ಕೂತೆ.

“ಅಪ್ಪ, ನಿಮಗೆ ಕಣ್ಣು ಯಾವಾಗಿನಿಂದ ಕಾಣಲ್ಲ?”

ಅಪ್ಪ ಅಮ್ಮನ ಕಡೆ ತಿರುಗಿದರು. ಅಮ್ಮನ ಕೈ ನಿಂತಿತು.

“ಹೇಳ್ಬಿಡಿ ಇನ್ನ,” ಅಂದರು ಅಮ್ಮ. “ಎಷ್ಟು ದಿನ ಅಂತ.”

ಅಪ್ಪ ತಮ್ಮ ಅಂಗೈಗಳನ್ನೇ ನೋಡುತ್ತಾ ಹೇಳಿದರು. ಗೌರಿಬಿದನೂರಿನ ಕಡೆಯ ಹಳ್ಳಿಯಲ್ಲಿ ಓದುವಾಗಲೇ ಬೋರ್ಡ್ ಕಾಣುತ್ತಿರಲಿಲ್ಲವಂತೆ. ಹೇಳಿದರೆ ಮೇಷ್ಟ್ರು ದಡ್ಡ ಅಂತ ಹೊಡೆಯುತ್ತಿದ್ದರಂತೆ. ಹಾಗಾಗಿ ಹೇಳುವುದನ್ನು ಬಿಟ್ಟು, ಕೇಳಿದ್ದೆಲ್ಲವನ್ನೂ ನೆನಪಿಟ್ಟುಕೊಳ್ಳುವುದನ್ನು ಕಲಿತರಂತೆ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೆ ಕಷ್ಟಪಟ್ಟು ಓದಬಹುದಿತ್ತು. ಹಾಗೇ ಪರೀಕ್ಷೆಗಳನ್ನು ಪಾಸು ಮಾಡಿದರು, ಕೆಲಸಕ್ಕೂ ಸೇರಿದರು.

“ಮದ್ವೆ ಆಗಿ ಒಂದು ತಿಂಗಳೂ ಆಗಿರ್ಲಿಲ್ಲ,” ಅಂದರು ಅಮ್ಮ. “ಹಿತ್ತಲಲ್ಲಿ ಬಿಸಿಲಿಗೆ ನಿಂತ್ಕೊಂಡು ಮಕ್ಕಳ ನೋಟ್‌ಬುಕ್ಕು ಮೂಗಿಗೆ ಹಿಡ್ಕೊಂಡಿದ್ರು. ಕಣ್ಣಲ್ಲಿ ನೀರು ಸುರೀತಿತ್ತು. ಏನು ಮಾಡ್ತಿದೀರಿ ಅಂದೆ. ತಿದ್ದುತಿದೀನಿ ಅಂದ್ರು. ಇಲ್ಲಿ ಕೊಡಿ, ನಾನು ಓದ್ತೀನಿ, ನೀವು ತಪ್ಪು ಹೇಳಿ ಅಂದೆ. ಅಷ್ಟೆ. ಆವತ್ತಿಂದ ಅವರು ರಿಟೈರ್ ಆಗೋ ತನಕ.”

ಅಮ್ಮ ಒಲೆಯ ಮುಂದೆ ಕೂತು ಮಕ್ಕಳ ಪ್ರಬಂಧಗಳನ್ನು ಗಟ್ಟಿಯಾಗಿ ಓದುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಅಪ್ಪ ಕಂಬಕ್ಕೊರಗಿ ‘ಅಲ್ಲಿ ದೀರ್ಘ ಬರ್ಬೇಕು, ಗುರುತು ಹಾಕು’ ಅನ್ನುತ್ತಿದ್ದರು. ಏಳನೇ ತರಗತಿಯ ತನಕ ಮಾತ್ರ ಓದಿದ ಅಮ್ಮನಿಗೆ ಓದುವ ಹುಚ್ಚು ಅಂದುಕೊಂಡಿದ್ದೆ.

“ಮಗೂಗೆ ನನ್ನಿಂದ ಬಂತಾ ಇದು?” ಅಪ್ಪ ಕೇಳಿದರು. ಧ್ವನಿ ಬಹಳ ಸಣ್ಣದಾಗಿತ್ತು.

ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಎಳೆಗಳು ಕೂಡುವುದು, ಒಡೆಯುವುದು, ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುವುದು, ನಮ್ಮ ಮೂವರಲ್ಲೂ ಆ ಬೆಸೆಯುವ ಪ್ರೋಟೀನು ಕಡಿಮೆ ಇರುವುದು. ಅಪ್ಪ ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡರು. ನಡುವೆ ತಡೆದು ಪ್ರಶ್ನೆಯನ್ನೂ ಕೇಳಿದರು.

“ಹಾಗಾದ್ರೆ ಒಡೆಯೋದು ಕೆಟ್ಟದ್ದಾ?”

“ಅಲ್ಲಪ್ಪ. ಅದೂ ಬೇಕು. ಎರಡೂ ಒಂದು ಹದದಲ್ಲಿರ್ಬೇಕು. ನಮಗೆ ಕೂಡೋದು ಸಾಲ್ತಿಲ್ಲ, ಅಷ್ಟೆ.”

“ಇದು ಹುಟ್ಟಿದಾಗಿಂದಾನೇ ಇರುತ್ತಾ?”

“ಹುಟ್ಟೋಕೆ ಮುಂಚಿನಿಂದಾನೇ.”

ಅಪ್ಪ ಬಗ್ಗಿ ಅಮ್ಮನ ಮುಂದಿನ ಒಂದು ಅವರೆಕಾಯಿ ತೆಗೆದುಕೊಂಡು ಸುಲಿದರು. ಆಮೇಲೆ, “ಅಂದ್ರೆ ನಾನು ದಡ್ಡ ಆಗಿರ್ಲಿಲ್ಲ” ಅಂದರು.

ಎಪ್ಪತ್ತೊಂದು ವರ್ಷದ ಅಪ್ಪ. ಮೂವತ್ತೈದು ವರ್ಷ ಊರೂರಿನ ಮಕ್ಕಳಿಗೆ ಅಕ್ಷರ ಕಲಿಸಿದ ಅಪ್ಪ. ನಾನು ಅವರ ಮಂಡಿಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನಾನು ನಾಚಿಕೆಪಟ್ಟಿದ್ದು, ಆಡಿಕೊಂಡಿದ್ದು ಎಲ್ಲ ಒದರಿದೆ. ಅವರು ನನ್ನ ಬೆನ್ನು ತಟ್ಟುತ್ತಾ, ಮನಸ್ಸು ಕರಗಿದಾಗೆಲ್ಲ ಅವರ ಬಾಯಿಗೆ ಬರುವ ತೆಲುಗಿನಲ್ಲಿ, “ಪೋನೀಲೇಮ್ಮ, ಪೋನೀಲೇ” ಅಂದರು. ಹೋಗಲಿ ಬಿಡಮ್ಮ, ಹೋಗಲಿ ಬಿಡು.

ಮಗಳ ಹತ್ತಿರ ಕ್ಷಮೆ ಕೇಳುವುದು ಬಾಕಿಯಿತ್ತು. ಮಾರನೆಯ ದಿನ ಜಡೆ ಹಾಕುತ್ತಾ ಹೇಳಿದೆ.

“ಆವತ್ತು ನೀನು ನಡುವೆ ಕಾಣ್ಸಲ್ಲ ಅಂದಾಗ ನಾನು ನಂಬಬೇಕಿತ್ತು. ತಪ್ಪಾಯ್ತು ಕಣಮ್ಮ.”

“ಪರ್ವಾಗಿಲ್ಲ. ತಾತ ಆವತ್ತೇ ನಂಬಿದ್ರು,” ಅಂದಳು. “ತಾತನಿಗೂ ನಡುವೆ ಕಾಣ್ಸಲ್ವಲ್ಲ.”

ನಾನು ಅವಳನ್ನು ನನ್ನ ಕಡೆ ತಿರುಗಿಸಿಕೊಂಡೆ. “ನಿನಗೆ ಹೇಗೆ ಗೊತ್ತು?”

“ಆವತ್ತು ನೀನು ಬೈದ ಮೇಲೆ ಮೇಲಕ್ಕೆ ಹೋಗಿದ್ನಲ್ಲ, ಆಗ ಹೇಳಿದ್ರು. ಯಾರಿಗೂ ಹೇಳ್ಬೇಡ ಅಂದ್ರು. ಹೇಗೆ ಮಾಡ್ಬೇಕು ಅಂತ ಕಲಿಸಿಕೊಟ್ಟಿದಾರೆ. ಟೀಚರ್ ಬರೀವಾಗ ಬಾಯಲ್ಲಿ ಹೇಳ್ತಾರಲ್ಲ, ಅದನ್ನೇ ನೆನಪಿಟ್ಕೋಬೇಕು. ಪಕ್ಕದವಳ ಪುಸ್ತಕ ನೋಡೋವಾಗ ರಬ್ಬರ್ ಕೇಳೋ ಥರ ಬಗ್ಗಬೇಕು.”

ನಿನ್ನೆ ಅತ್ತವಳು ಇಂದು ಕೋಪದಿಂದ ಮಹಡಿ ಹತ್ತಿದೆ. “ಅಪ್ಪ, ಮುಚ್ಚಿಡೋದನ್ನ ಕಲಿಸ್ತಿದೀರಾ ಅವಳಿಗೆ? ನಿಮಗೆ ಗೊತ್ತಿದ್ದೂ ಇಷ್ಟು ತಿಂಗಳು ನನಗೊಂದು ಮಾತು ಹೇಳಿಲ್ವಲ್ಲ!”

“ನನಗೆ ಗೊತ್ತಿದ್ದ ದಾರಿ ಅದೊಂದೇ ಕಣಮ್ಮ,” ಅಂದರು ಅಪ್ಪ. “ಅದನ್ನೇ ಕೊಟ್ಟೆ.”

ನಾನು ಸುಮ್ಮನೆ ಇಳಿದು ಬಂದೆ. ಎರಡು ದಿನ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಮಗಳ ಶಾಲೆಗೆ ಆಸ್ಪತ್ರೆಯ ಕಾಗದ ತೋರಿಸಲು ಹೊರಟಾಗ, ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು.

“ನಾನೂ ಬರ್ತೀನಿ ನಡಿ.”

ಶಾಲೆಯಲ್ಲಿ ಆ ಟೀಚರ್ ನಮ್ಮನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿದರು. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಕಾಗದ ಓದುತ್ತಾ ಅವರ ಮುಖ ಕೆಂಪಾಯಿತು. ‘ಗಮನ ಕಡಿಮೆ’ ಅಂತ ಬರೆದದ್ದು ನೆನಪಾಗಿರಬೇಕು. ನಾನು ಮಾತು ಶುರುಮಾಡುವ ಮೊದಲೇ ಅಪ್ಪ ಎದ್ದು ನಿಂತರು, ತರಗತಿಯಲ್ಲಿ ನಿಲ್ಲುವ ಹಾಗೆ.

“ನಾನೂ ಮೇಷ್ಟ್ರಾಗಿದ್ದೋನು ತಾಯಿ. ನನಗೂ ಇದೇ ಕಣ್ಣು. ನಾನು ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹೆದರಿಕೆ, ದಡ್ಡ ಅಂತಾರೆ ಅಂತ ನಾಚ್ಕೆ. ಒಂದು ದಿನಾನೂ ನೆಮ್ಮದಿಯಾಗಿ ಪಾಠ ಮಾಡ್ಲಿಲ್ಲ ನಾನು. ಈ ಮಗೂಗೂ ಅದನ್ನೇ ಹೇಳ್ಕೊಟ್ಟಿದೀನಿ, ತಪ್ಪು ಮಾಡಿದೀನಿ. ನೀವು ಬರೆದದ್ದನ್ನ ಒಂದ್ಸಲ ಬಾಯಲ್ಲೂ ಹೇಳಿ. ಮುಂದಿನ ಬೆಂಚಲ್ಲಿ ಕೂರಿಸ್ಕೊಳ್ಳಿ. ಕಾಣಿಸ್ಲಿಲ್ಲ ಅಂತ ಅವಳು ಎದ್ದು ಬೋರ್ಡ್ ಹತ್ರ ಬಂದ್ರೆ ಬೈಬೇಡಿ. ಅಷ್ಟು ಮಾಡಿ ಸಾಕು.”

ಪಕ್ಕದ ಮೇಜುಗಳಲ್ಲಿ ನೋಟ್ಸ್ ತಿದ್ದುತ್ತಿದ್ದ ಟೀಚರುಗಳೆಲ್ಲ ಪೆನ್ನು ಕೆಳಗಿಟ್ಟಿದ್ದರು. ಎಷ್ಟೋ ವರ್ಷ ಅಮ್ಮನೊಬ್ಬರಿಗೇ ಗೊತ್ತಿದ್ದ ವಿಷಯವನ್ನು ಅಪ್ಪ ಒಂದು ಕೋಣೆಯಷ್ಟು ಅಪರಿಚಿತರ ಮುಂದೆ ಇಟ್ಟುಬಿಟ್ಟಿದ್ದರು. ಕೂತಾಗ ಅವರ ಕೈಯನ್ನು ನಾನು ಹಿಡಿದುಕೊಂಡೆ.

“ಮಾಡ್ತೀನಿ ಸರ್,” ಅಂದರು ಆ ಟೀಚರ್. “ನಾನೂ ಕೇಳ್ಬೇಕಾಗಿತ್ತು ಅವಳನ್ನ. ಬರೆದು ಕಳಿಸಿಬಿಟ್ಟೆ.”

ಈಗ ಮಗಳು ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಪ್ರಶ್ನೆಪತ್ರಿಕೆಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚುಮಾಡಿ ಕೊಡುತ್ತಾರೆ. ಪುಸ್ತಕದ ಪುಟಗಳನ್ನು ಫೋಟೋ ತೆಗೆದು ಟ್ಯಾಬ್‌ನಲ್ಲಿ ದೊಡ್ಡದು ಮಾಡಿಕೊಂಡು ಓದುತ್ತಾಳೆ. ಕೆಲವು ದಿನ ಸಿಟ್ಟಿನಿಂದ ಟ್ಯಾಬನ್ನು ಹಾಸಿಗೆಯ ಮೇಲೆ ಎಸೆದು, “ನನಗೊಬ್ಬಳಿಗೇ ಯಾಕೆ?” ಅನ್ನುತ್ತಾಳೆ. ಆಗ ಅವಳ ಪಕ್ಕದಲ್ಲಿ ಕೂರುತ್ತೇನೆ. ಅಪ್ಪನೂ ಬೆಂಗಳೂರಿಗೆ ಬಂದು ರಕ್ತ ಕೊಟ್ಟರು. ಅದೇ ಜೀನು, ಅದೇ ಜಾಗದಲ್ಲಿ ಕೆಟ್ಟಿತ್ತು. ಆ ಕಾಗದವನ್ನು ಅಮ್ಮನಿಂದ ಎರಡು ಸಲ ಓದಿಸಿಕೊಂಡು ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಆಸ್ಪತ್ರೆಯಲ್ಲಿ ನೋಡಿದಂಥ ವಿಡಿಯೋ ಒಂದನ್ನು ಹುಡುಕಿ ಈ ವರ್ಷ ನನ್ನ ತರಗತಿಯಲ್ಲಿ ತೋರಿಸಿದೆ. ಎಳೆಗಳು ಕೂಡುವುದನ್ನೂ ಬೇರೆಯಾಗುವುದನ್ನೂ ವಿವರಿಸುವಾಗ ಹಿಂದಿನ ಸಾಲಿನಿಂದ ಒಬ್ಬಳು, “ಮಿಸ್, ಇದು ಪರೀಕ್ಷೆಗೆ ಬರುತ್ತಾ?” ಅಂತ ಕೇಳಿದಳು. ಬರಲ್ಲ ಅಂದೆ. ಒಂದು ಗಳಿಗೆ ಗುಸುಗುಸು. ಆಮೇಲೆ ಇನ್ನೊಬ್ಬಳು, “ಇನ್ನೊಂದ್ಸಲ ಹಾಕಿ ಮಿಸ್” ಅಂದಳು. ಹಾಕಿದೆ.

ಕಳೆದ ತಿಂಗಳು ವರ್ಷದ ಪರೀಕ್ಷೆಗೆ ಹೋಗಿದ್ದೆವು, ಅಪ್ಪನೂ ಜೊತೆಗೆ. ಡಾಕ್ಟರಮ್ಮ ಹಳೆಯ ಅಂಕಿಗಳನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮಗಳ ದೃಷ್ಟಿ ಹೋದ ವರ್ಷ ಎಷ್ಟಿತ್ತೋ ಈಗಲೂ ಅಷ್ಟೇ ಇದೆ ಅಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪನ ಹತ್ತಿರ ಮಗಳು ಓಡಿಹೋಗಿ, “ತಾತ, ಹಾಗೇ ಇದೆಯಂತೆ!” ಅಂತ ಕೂಗಿದಳು. ಅಪ್ಪ ಅವಳನ್ನು ಎಳೆದು ಪಕ್ಕ ಕೂರಿಸಿಕೊಂಡರು.

ದಾರಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಇಳಿದು ದ್ರಾಕ್ಷಿ ತೆಗೆದುಕೊಂಡೆವು. ತಾತ ಮೊಮ್ಮಗಳು ಚಿಂತಾಮಣಿ ಬರುವಷ್ಟರಲ್ಲಿ ಅದನ್ನು ಪೂರ್ತಿ ಖಾಲಿ ಮಾಡಿ, ಅಜ್ಜಿಗೆ ಏನೂ ಉಳಿಸಲಿಲ್ಲವಲ್ಲ ಅಂತ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾ ಮನೆಗೆ ನಡೆದರು.